ಕ್ಯಾಬಿನಿಂದ ವಾಸದ ಪೆಟ್ಟಿಗೆಗೆ ದಾರಿ: ಮೊದಲು ಅಲುಗಾಟ ಅಳೆಯಿರಿ, ಆಮೇಲೆ ರಬ್ಬರು ಕೊಳ್ಳಿರಿ

ಪ್ರಶ್ನೆ: ನಾವು ಜರ್ಮನಿಯ ಉಲ್ಮ್ ನಗರದ ಬಳಿ ನೆಲೆಸಿರುವ ಕನ್ನಡಿಗ ದಂಪತಿ. ಅಗ್ನಿಶಾಮಕ ದಳ ಮಾರಿದ ಹಳೆಯ ಮರ್ಸಿಡಿಸ್ 1120 ಎಎಫ್ ಲಾರಿಯೊಂದನ್ನು ಕೊಂಡು, ಅದರ ಚಾಸಿಯ ಮೇಲೆ ಫೈಬರ್ ಸ್ಯಾಂಡ್‌ವಿಚ್ ಹಲಗೆಗಳ (ಎರಡು ಫೈಬರ್ ಹಾಳೆಗಳ ನಡುವೆ ಫೋಮ್ ತುಂಬಿದ ಹಲಗೆಗಳ) ವಾಸದ ಪೆಟ್ಟಿಗೆಯನ್ನು ಕೂರಿಸುವ ಕೆಲಸದಲ್ಲಿದ್ದೇವೆ. ಕ್ಯಾಬಿನ ಹಿಂಗೋಡೆಗೂ ಪೆಟ್ಟಿಗೆಯ ಮುಂಗೋಡೆಗೂ ನಡುವೆ 140 ಮಿ.ಮೀ. ಸಂದು ಉಳಿಯುತ್ತದೆ. ಹೊರಗೆ ಇಳಿಯದೆ ಒಳಗಿಂದಲೇ ಓಡಾಡಲು ಅಲ್ಲೊಂದು ದಾರಿ ಬೇಕು. ಮಳೆ, ಧೂಳು, ಚಳಿ ಒಳಗೆ ಬರಬಾರದು. ಎಂಜಿನ್ ನೋಡಲು ಕ್ಯಾಬನ್ನು ಮುಂದಕ್ಕೆ ಬಾಗಿಸುವುದಕ್ಕೂ ಅಡ್ಡಿಯಾಗಬಾರದು. ಒಂದು ವರ್ಕ್‌ಶಾಪಿನವರು ಎರಡೂ ಗೋಡೆಗಳಿಗೆ ದಪ್ಪ ರಬ್ಬರ್ ಹಾಳೆ ಅಂಟಿಸಿದರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು ಕ್ಯಾಬನ್ನು ಕತ್ತರಿಸಲೇಬೇಡಿ ಎನ್ನುತ್ತಾರೆ. ಮಕ್ಕಳು ಪ್ರಯಾಣದ ನಡುವೆ ಹಿಂದಕ್ಕೆ ಹೋಗಿ ಮಲಗಬಹುದೇ? ಇದೇ ಕೆಲಸವನ್ನು ಕರ್ನಾಟಕದಲ್ಲಿರುವ ತಮ್ಮನೂ ಮಾಡಿಸಬಹುದೇ?

ಉತ್ತರ: ನಿಮಗೆ ಸಲಹೆ ಕೊಟ್ಟ ಇಬ್ಬರೂ ಅರ್ಧ ಮಾತ್ರ ಸರಿ. ಕ್ಯಾಬನ್ನು ಕತ್ತರಿಸಬಹುದು, ಆದರೆ ಎಲ್ಲಿ ಬೇಕಾದಲ್ಲಿ ಅಲ್ಲ. ರಬ್ಬರು ಬೇಕು, ಆದರೆ ಅಂಟಿಸಿದ ಹಾಳೆ ಒಂದು ಮಳೆಗಾಲವನ್ನೂ ನೆಟ್ಟಗೆ ಕಳೆಯುವುದಿಲ್ಲ. ಈ ಕೆಲಸಕ್ಕೆ ಕೈಹಾಕುವ ಬಹುತೇಕರು ಮೊದಲು ಕೇಳುವ ಪ್ರಶ್ನೆ ‘ಯಾವ ರಬ್ಬರು ಹಾಕಬೇಕು’ ಎಂಬುದು. ಅದು ಕೊನೆಯಲ್ಲಿ ಕೇಳಬೇಕಾದದ್ದು. ಲಾರಿ ಹಳ್ಳದಿಣ್ಣೆಯಲ್ಲಿ ಸಾಗುವಾಗ ಈ ಎರಡು ಗೋಡೆಗಳು ಒಂದಕ್ಕೊಂದು ಎಷ್ಟು ಸರಿದಾಡುತ್ತವೆ ಎಂಬ ಅಳತೆ ಕೈಯಲ್ಲಿ ಇಲ್ಲದಿದ್ದರೆ, ಎಷ್ಟೇ ದುಬಾರಿಯ ರಬ್ಬರು ತಂದರೂ ಅದು ಕುರುಡು ಖರೀದಿಯೇ ಆಗುತ್ತದೆ.

ಬೆಂಗಳೂರಿನಲ್ಲಿ ಬಿಎಂಟಿಸಿಯ ಉದ್ದನೆಯ ವೆಸ್ಟಿಬ್ಯೂಲ್ ಬಸ್ಸುಗಳಲ್ಲಿ ಪ್ರಯಾಣ ಮಾಡಿದ್ದರೆ, ಎರಡು ಭಾಗಗಳ ನಡುವಿನ ನೆರಿಗೆ ನೆರಿಗೆಯಾದ ಕಪ್ಪು ಗೋಡೆಯನ್ನು ನೀವು ನೋಡಿರುತ್ತೀರಿ. ತಿರುವಿನಲ್ಲಿ ಅದು ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗುವುದನ್ನು ಕಂಡರೆ ಕುಲುಮೆಯ ತಿದಿ ನೆನಪಾಗುತ್ತದೆ. ಆದ್ದರಿಂದ ಇಲ್ಲಿ ಅದನ್ನು ತಿದಿ ಎಂದೇ ಕರೆಯುತ್ತೇನೆ. ಈ ವಿದ್ಯೆ ಹಳೆಯದು. ಅಮೆರಿಕದ ಪುಲ್‌ಮನ್ ಕಂಪನಿಯಲ್ಲಿ ರೈಲು ಡಬ್ಬಿಗಳನ್ನು ಜೋಡಿಸುವ ವೆಸ್ಟಿಬ್ಯೂಲಿಗೆ 1887ರಲ್ಲಿ ಪೇಟೆಂಟ್ ಪಡೆದಾಗಲೇ ಅದರ ಮೂಲಸೂತ್ರ ಸ್ಪಷ್ಟವಾಗಿತ್ತು: ಪ್ರತಿಯೊಂದು ಡಬ್ಬಿಯ ತುದಿಯಲ್ಲಿ ಬಾಗುವ ತಿದಿ, ಅದರ ಬಾಯಿಗೆ ಗಟ್ಟಿಯಾದ ಉಕ್ಕಿನ ಮುಖಚೌಕಟ್ಟು, ಎರಡು ಡಬ್ಬಿಗಳ ಮುಖಚೌಕಟ್ಟುಗಳನ್ನು ಪರಸ್ಪರ ಒತ್ತಿ ಹಿಡಿಯುವ ಸ್ಪ್ರಿಂಗು. ಅಂದರೆ ಚಲನೆಯನ್ನು ನುಂಗುವ ಭಾಗ ಒಂದು, ಸಂದನ್ನು ಮುಚ್ಚುವ ಭಾಗ ಮತ್ತೊಂದು. ನಿಮ್ಮ ವರ್ಕ್‌ಶಾಪಿನವರು ಸೂಚಿಸಿದ ರಬ್ಬರ್ ಹಾಳೆ ಈ ಎರಡೂ ಕೆಲಸವನ್ನು ಒಂದೇ ವಸ್ತುವಿನ ಹೆಗಲಿಗೆ ಹೊರಿಸುತ್ತದೆ. ಹಾಗಾಗಿ ಹಾಳೆ ಗಟ್ಟಿಯಾಗಿದ್ದರೆ ಅಂಟು ಕಿತ್ತುಬರುತ್ತದೆ, ಅಂಟು ಗಟ್ಟಿಯಾಗಿದ್ದರೆ ಹಾಳೆ ಹರಿಯುತ್ತದೆ.

ಈಗ ಚಲನೆಗೆ ಬರೋಣ. ನಿಮ್ಮ ಲಾರಿಯ ಹೆಸರಿನಲ್ಲಿರುವ ‘ಎ’ ನಾಲ್ಕೂ ಚಕ್ರಗಳ ಎಳೆತವನ್ನೂ ‘ಎಫ್’ ಅಗ್ನಿಶಾಮಕ ದಳವನ್ನೂ ಸೂಚಿಸುತ್ತವೆ. 11 ಟನ್ ವರ್ಗದ ಈ ಚಾಸಿ ಏಣಿಯಂತಹ ಎರಡು ಉದ್ದ ತೊಲೆಗಳ ಮೇಲೆ ನಿಂತಿದೆ. ಒರಟು ನೆಲದಲ್ಲಿ ಮುಂದಿನ ಎಡಚಕ್ರ ದಿಣ್ಣೆ ಏರಿ ಹಿಂದಿನ ಬಲಚಕ್ರವೂ ಏರಿದಾಗ ಈ ಏಣಿ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ, ಹಾಗೆ ತಿರುಚಿಕೊಳ್ಳಲೆಂದೇ ಅದನ್ನು ಮಾಡಿದ್ದಾರೆ. ಆದರೆ ಸ್ಯಾಂಡ್‌ವಿಚ್ ಹಲಗೆಯ ಪೆಟ್ಟಿಗೆ ಬಿಗಿಯಾದದ್ದು, ತಿರುಚಿದರೆ ಮೂಲೆಗಳಲ್ಲಿ ಬಿರಿಯುತ್ತದೆ. ಆದ್ದರಿಂದ ಪೆಟ್ಟಿಗೆಯನ್ನು ತೊಲೆಗಳಿಗೆ ನೇರವಾಗಿ ಬಿಗಿಯದೆ ಉಪಚೌಕಟ್ಟಿನ ಮೂಲಕ, ತಿರುಗುಕೀಲುಗಳ ಮೇಲೋ ಸ್ಪ್ರಿಂಗುಗಳ ಮೇಲೋ ಕೂರಿಸುತ್ತಾರೆ. ಚಾಸಿಯ ತಿರುಚನ್ನು ಪೆಟ್ಟಿಗೆ ಒಪ್ಪಿಕೊಳ್ಳದಿದ್ದರೆ ಅದು ಎಲ್ಲಾದರೂ ಹೊರಬೀಳಲೇಬೇಕಲ್ಲವೇ? ಬಹಳ ಸಲ ಅದು ಹೊರಬೀಳುವ ಜಾಗ ನಿಮ್ಮ 140 ಮಿ.ಮೀ. ಸಂದು. ಇದರ ಜೊತೆಗೆ ಕ್ಯಾಬು ತನ್ನದೇ ರಬ್ಬರು, ಸ್ಪ್ರಿಂಗುಗಳ ಮೇಲೆ ಕೂತು ಬ್ರೇಕ್ ಒತ್ತಿದಾಗ ಮುಂದಕ್ಕೆ ಮುಗ್ಗರಿಸುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತದೆ.

ಒಂದು ಸರಳ ಲೆಕ್ಕ ನೋಡಿ. ಪೆಟ್ಟಿಗೆಯು ಕ್ಯಾಬಿಗೆ ಹೋಲಿಸಿದರೆ 3 ಡಿಗ್ರಿ ವಾಲಿತು ಎಂದುಕೊಳ್ಳಿ, ಮತ್ತು ನೀವು ತೆರೆಯುವ ಕಿಂಡಿಯ ನಡುಭಾಗ ವಾಲುವ ಅಕ್ಷಕ್ಕಿಂತ 1 ಮೀಟರ್ ಮೇಲಿದೆ ಎಂದುಕೊಳ್ಳಿ. ಆಗ ಕಿಂಡಿ ಪಕ್ಕಕ್ಕೆ ಸುಮಾರು 52 ಮಿ.ಮೀ. ಸರಿಯುತ್ತದೆ. ಕಿಂಡಿಯ ಅಗಲ 700 ಮಿ.ಮೀ. ಆಗಿದ್ದರೆ ಅದರ ಒಂದು ಅಂಚು 18 ಮಿ.ಮೀ. ಮೇಲಕ್ಕೂ ಇನ್ನೊಂದು ಅಂಚು ಅಷ್ಟೇ ಕೆಳಕ್ಕೂ ಹೋಗುತ್ತದೆ. ವಾಲುವಿಕೆ 5 ಡಿಗ್ರಿಯಾದರೆ ಪಕ್ಕದ ಸರಿತ 87 ಮಿ.ಮೀ. ಮುಟ್ಟುತ್ತದೆ. ಈ ಲೆಕ್ಕದಿಂದಲೇ ಎರಡು ವಿಷಯ ಹೊಳೆಯುತ್ತವೆ: ಕಿಂಡಿ ಕೆಳಗಿದ್ದಷ್ಟೂ ಕಡಿಮೆ ಸರಿಯುತ್ತದೆ, ಕಿರಿದಾಗಿದ್ದಷ್ಟೂ ಅದರ ಮೂಲೆಗಳು ಕಡಿಮೆ ದಣಿಯುತ್ತವೆ. ನಿಂತು ನಡೆದುಹೋಗುವಷ್ಟು ಎತ್ತರದ ಬಾಗಿಲಿನ ಆಸೆಯನ್ನು ಬಿಟ್ಟು, ತಲೆ ತಗ್ಗಿಸಿ ನುಸುಳುವ 600 ಮಿ.ಮೀ. ಅಗಲ, 700 ಮಿ.ಮೀ. ಎತ್ತರದ ಕಿಂಡಿಗೆ ತೃಪ್ತರಾಗಿ ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಹೇಗೂ ನಿಮ್ಮ ಕ್ಯಾಬಿನ ನಡುವೆ ಎಂಜಿನ್ನಿನ ಗೂಡು ಎದ್ದು ನಿಂತಿರುವಾಗ ರಾಜಗಾಂಭೀರ್ಯದಿಂದ ನಡೆದುಬರಲು ಅಲ್ಲಿ ಜಾಗವೂ ಇಲ್ಲ.

ಪೆಟ್ಟಿಗೆಯ ಕೀಲುಗಳನ್ನು ಎಲ್ಲಿಡುತ್ತೀರಿ ಎಂಬುದು ತಿದಿಯ ಆಯುಷ್ಯವನ್ನು ನಿರ್ಧರಿಸುತ್ತದೆ, ಮತ್ತು ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಮೂರು ಬಿಂದುಗಳ ಪದ್ಧತಿಯಲ್ಲಿ ಒಂದು ತುದಿಗೆ ಎರಡು ಸ್ಥಿರ ಆಸರೆ, ಇನ್ನೊಂದು ತುದಿಗೆ ನಡುಮಧ್ಯದಲ್ಲಿ ಒಂದೇ ತಿರುಗುಕೀಲು ಇರುತ್ತದೆ. ತಿರುಗುಕೀಲು ಮುಂದಿದ್ದರೆ ಪೆಟ್ಟಿಗೆ ಚಾಸಿಯ ಹಿಂಭಾಗವನ್ನು ಅನುಸರಿಸಿ ವಾಲುತ್ತದೆ. ಚಾಸಿಯ ತಿರುಚೆಲ್ಲ ಬಂದು ಕ್ಯಾಬಿನ ಹಿಂದಿನ ಸಂದಿನಲ್ಲಿ ಸೇರುತ್ತದೆ. ಸ್ಥಿರ ಆಸರೆಗಳು ಮುಂದಿದ್ದು ಕೀಲು ಹಿಂದಿದ್ದರೆ ಪೆಟ್ಟಿಗೆಯ ಮುಂಗೋಡೆ ಬಹುಮಟ್ಟಿಗೆ ಕ್ಯಾಬಿನ ಜೊತೆಯಲ್ಲೇ ವಾಲುವುದರಿಂದ ತಿದಿಗೆ ಸುಖ. ಆದರೆ ಪೆಟ್ಟಿಗೆಯ ಭಾರ ಹೆಚ್ಚಾಗಿ ಹಿಂದಿನ ಅಚ್ಚಿನ ಮೇಲಿರುವಾಗ ಅದರ ಓಲಾಟವನ್ನೆಲ್ಲ ಚಾಸಿಯ ಮುಂಭಾಗ ಮತ್ತು ಮೃದುವಾದ ಮುಂದಿನ ಸ್ಪ್ರಿಂಗುಗಳು ತಡೆಯಬೇಕಾಗುತ್ತದೆ, ತಿರುವಿನಲ್ಲಿ ಲಾರಿಯ ನಡೆ ಕೆಡುತ್ತದೆ. ನಾಲ್ಕು ಬಿಂದುಗಳ ವಜ್ರಾಕೃತಿಯ ಪದ್ಧತಿಯಲ್ಲಿ ಮುಂದೊಂದು ಹಿಂದೊಂದು ಕೀಲು, ನಡುವಿನ ಎರಡು ಬದಿಗಳಲ್ಲಿ ಆಸರೆ. ಪೆಟ್ಟಿಗೆ ಚಾಸಿಯ ನಡುಭಾಗವನ್ನು ಅನುಸರಿಸುವುದರಿಂದ ತಿರುಚಿನ ಸುಮಾರು ಅರ್ಧದಷ್ಟು ಮಾತ್ರ ಸಂದಿಗೆ ಬರುತ್ತದೆ. ದಾರಿ ಬೇಕೇಬೇಕು ಎನ್ನುವವರಿಗೆ ನನ್ನ ಆಯ್ಕೆ ಇದು. ಸ್ಪ್ರಿಂಗಿನ ಪದ್ಧತಿಯಲ್ಲಿ ಸಾಮಾನ್ಯವಾಗಿ ಹಿಂಭಾಗವನ್ನು ಬಿಗಿದು ಮುಂಭಾಗವನ್ನು ಸ್ಪ್ರಿಂಗುಗಳಿಗೆ ಬಿಡುವುದರಿಂದ, ಚಲನೆ ಮತ್ತೆ ಕ್ಯಾಬಿನ ಹಿಂದೆಯೇ ಕಾಣಿಸಿಕೊಳ್ಳುತ್ತದೆ. ಯಾವುದನ್ನೇ ಆರಿಸಿದರೂ ತೊಲೆಗಳಲ್ಲಿ ಎಲ್ಲಿ ರಂಧ್ರ ಕೊರೆಯಬಹುದು, ಕ್ಯಾಬಿನ ಹಿಂದೆ ಎಷ್ಟು ಸಂದು ಬಿಡಲೇಬೇಕು ಎಂಬುದನ್ನು ಲಾರಿ ತಯಾರಕರು ಬಾಡಿ ಕಟ್ಟುವವರಿಗೆಂದೇ ಕೊಡುವ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಲೆಕ್ಕ ಕಾಗದದ್ದಾಯಿತು, ನಿಜವಾದ ಅಳತೆಗೆ ಪೆನ್ಸಿಲ್ ಸಾಕು. ಕಿಂಡಿ ಕತ್ತರಿಸುವ ಮೊದಲೇ, ಪೆಟ್ಟಿಗೆಯ ಮುಂಗೋಡೆಯ ಮೇಲೆ ಕಿಂಡಿಯ ನಾಲ್ಕು ಮೂಲೆಗಳು ಬರುವ ಜಾಗದಲ್ಲಿ ರಟ್ಟಿನ ತುಂಡುಗಳನ್ನು ಅಂಟಿಸಿ, ಕ್ಯಾಬಿನ ಹಿಂಗೋಡೆಗೆ ಸ್ಪ್ರಿಂಗ್ ಇಟ್ಟ ಪೆನ್ಸಿಲ್ಲುಗಳನ್ನು ಅವುಗಳಿಗೆ ತಾಗುವಂತೆ ಕಟ್ಟಿ. ಆಮೇಲೆ ಮುಂದಿನ ಒಂದು ಚಕ್ರವನ್ನೂ ಅದರ ಓರೆಯಲ್ಲಿರುವ ಹಿಂದಿನ ಚಕ್ರವನ್ನೂ ಗಟ್ಟಿಮುಟ್ಟಾದ ಮರದ ದಿಮ್ಮಿಗಳ ಮೇಲೆ ಏರಿಸಿ ಇಳಿಸಿ, ಇನ್ನೊಂದು ಓರೆಯಲ್ಲೂ ಹಾಗೆಯೇ ಮಾಡಿ, ಕೊನೆಗೆ ಸಮತಟ್ಟು ನೆಲದಲ್ಲಿ ಕೆಲವು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ. ರಟ್ಟಿನ ಮೇಲೆ ಮೂಡುವ ಗೀಚುಗಳ ಹರವು ಪಕ್ಕದ ಮತ್ತು ಮೇಲುಕೆಳಗಿನ ಚಲನೆಯನ್ನು ತೋರಿಸುತ್ತದೆ. ಪೆನ್ಸಿಲ್ಲಿಗೆ ಬಿಗಿಯಾದ ರಬ್ಬರ್ ಉಂಗುರ ತೊಡಿಸಿದ್ದರೆ ಅದು ಹಿಂದೆ ಸರಿದ ದೂರ ಸಂದು ಎಷ್ಟು ಕುಗ್ಗಿತು ಎಂಬುದನ್ನು ಹೇಳುತ್ತದೆ. ಪೆಟ್ಟಿಗೆಯಲ್ಲಿ ನೀರಿನ ತೊಟ್ಟಿ, ಬ್ಯಾಟರಿಗಳ ಭಾರ ಇರುವಾಗಲೇ ಈ ಪರೀಕ್ಷೆ ಮಾಡಬೇಕು. ಖಾಲಿ ಪೆಟ್ಟಿಗೆ ಕೊಡುವ ಅಳತೆ ನಂಬುವಂಥದ್ದಲ್ಲ.

ಉದಾಹರಣೆಗೆ ನಿಮ್ಮ ರಟ್ಟುಗಳು ಪಕ್ಕಕ್ಕೆ 60, ಮೂಲೆಗಳಲ್ಲಿ ಮೇಲುಕೆಳಗೆ 58, ಹಿಂದುಮುಂದೆ 25 ಮಿ.ಮೀ. ತೋರಿಸಿದವು ಎನ್ನೋಣ. ಮೂರೂ ಒಟ್ಟಿಗೆ ಬಂದ ಕೆಟ್ಟ ಗಳಿಗೆಯಲ್ಲಿ ಸಂದು 140ರಿಂದ 165ಕ್ಕೆ ಹಿಗ್ಗಿರುತ್ತದೆ. ಓರೆಯ ದೂರ 185 ಮಿ.ಮೀ. ಆಸುಪಾಸಿಗೆ ಬರುತ್ತದೆ. ಬಟ್ಟೆ ಎಂದಿಗೂ ಬಿಗಿಯಾಗಿ ಎಳೆದ ತಂತಿಯಂತೆ ಆಗಬಾರದು, ಆದ್ದರಿಂದ ಅದಕ್ಕೆ ಮೂರನೇ ಒಂದು ಪಾಲು ಸೇರಿಸಿ 250 ಮಿ.ಮೀ. ಉದ್ದದ ಬಟ್ಟೆ ಇಡಿ. ಇದನ್ನು ಎರಡು ನೆರಿಗೆಗಳಾಗಿ ಮಡಿಸಿದರೆ, ಸಂದು ಮಾಮೂಲಿನ 140 ಮಿ.ಮೀ. ಇರುವಾಗ ಪ್ರತಿ ನೆರಿಗೆ ಸುಮಾರು 50 ಮಿ.ಮೀ. ಹೊರಕ್ಕೆ ಉಬ್ಬಿರುತ್ತದೆ, ಆ ಉಬ್ಬು ಎಂಜಿನ್ನಿನ ಗಾಳಿಕೊಳವೆಗೋ ಹೊಗೆಕೊಳವೆಗೋ ತಾಗದಂತೆ ಜಾಗ ನೋಡಿಕೊಳ್ಳಬೇಕು. ಹಿಂದುಮುಂದಿನ ಚಲನೆಯನ್ನು ನೆರಿಗೆ ಸಲೀಸಾಗಿ ತಡೆದುಕೊಳ್ಳುತ್ತದೆ, ಪಕ್ಕದ ಸರಿತವನ್ನು ಅಲ್ಲ. ಪಕ್ಕಕ್ಕೆ ಸರಿದಾಗ ಮೇಲಿನ ಮತ್ತು ಕೆಳಗಿನ ನೆರಿಗೆಗಳು ಓರೆಯಾಗಿ ಹಿಂಜಿ, ಆ ಎಳೆತವೆಲ್ಲ ಮೂಲೆಗಳಿಗೆ ಹೋಗಿ ಸೇರುತ್ತದೆ. ಹಾಗಾಗಿ ಕಿಂಡಿಯ ಮೂಲೆಗಳನ್ನು ಚೂಪಾಗಿ ಬಿಡದೆ ಕನಿಷ್ಠ 100 ಮಿ.ಮೀ. ತ್ರಿಜ್ಯದಲ್ಲಿ ದುಂಡಗಾಗಿಸಿ, ಮತ್ತು ಹೊಲಿಗೆ ಮೂಲೆಯಲ್ಲಿ ಬರದೆ ಕೆಳಗಿನ ನೇರ ಅಂಚಿನ ನಡುವೆ ಬರುವಂತೆ ನೋಡಿಕೊಳ್ಳಿ.

ಈಗ ರಬ್ಬರಿನ ಪ್ರಶ್ನೆಗೆ ಉತ್ತರ ಹೇಳಬಹುದು. ಇಪಿಡಿಎಂ ಎಂಬ ಕೃತಕ ರಬ್ಬರು ಬಿಸಿಲು, ಓಜೋನ್, ಮಳೆ, ಹಿಮ ಎಲ್ಲವನ್ನೂ ತಾಳಿಕೊಳ್ಳುತ್ತದೆ, ಡೀಸೆಲ್ ಮತ್ತು ಎಂಜಿನ್ ಎಣ್ಣೆಯನ್ನು ಮಾತ್ರ ತಾಳುವುದಿಲ್ಲ; ತಾಗಿದರೆ ಊದಿಕೊಳ್ಳುತ್ತದೆ. ನಿಯೋಪ್ರೀನ್ ಎಣ್ಣೆಗೆ ಅದಕ್ಕಿಂತ ಮೇಲು. ಸಿಲಿಕೋನ್ ಬಿಸಿಗೂ ಕಡುಚಳಿಗೂ ಜಗ್ಗುವುದಿಲ್ಲವಾದರೂ ಒಮ್ಮೆ ಚೂಪಾದದ್ದು ತಾಗಿ ಸೀಳು ಬಿದ್ದರೆ ಆ ಸೀಳು ಓಡುತ್ತದೆ. ಅದಕ್ಕೇ ಅದನ್ನು ಬರಿಯ ಹಾಳೆಯಾಗಿ ಬಳಸದೆ ಪಾಲಿಯೆಸ್ಟರ್ ಬಟ್ಟೆಯ ಮೇಲೆ ಲೇಪಿಸಿ ಬಳಸುತ್ತಾರೆ. ಜೋಡಿ ಬಸ್ಸುಗಳ ತಿದಿಗಳು ಇಂಥ ಲೇಪಿತ ಬಟ್ಟೆಯವೇ. ನಿಮ್ಮ ದೇಶದಲ್ಲೇ, ಕಾಸೆಲ್ ನಗರದ ಹ್ಯೂಬ್ನರ್ ಕಂಪನಿ ಬಸ್ಸು ಮತ್ತು ರೈಲುಗಳ ತಿದಿಗಳಿಗೆ ಹೆಸರುವಾಸಿ. ಅವರದ್ದನ್ನೇ ಕೊಳ್ಳಬೇಕೆಂದಲ್ಲ, ಆದರೆ ಬಟ್ಟೆ ಕೊಳ್ಳುವಾಗ ಬಸ್ಸುಗಳ ಒಳವಸ್ತುಗಳ ದಹನಗುಣಕ್ಕೆ ಸಂಬಂಧಿಸಿದ, ವಿಶ್ವಸಂಸ್ಥೆಯ ಯುರೋಪ್ ಆಯೋಗದ (ಇಸಿಇ) ಆರ್118 ನಿಯಮಕ್ಕೆ ಒಪ್ಪುವಂಥದ್ದನ್ನು ಕೇಳಿ ಪಡೆಯಿರಿ. ಅಗ್ಗವೆಂದು ಲಾರಿ ಟಾರ್ಪಾಲಿನ ಪಿವಿಸಿ ಬಟ್ಟೆಗೆ ಹೋಗಬೇಡಿ. ನಾನು ಕಲಿಯುವ ದಿನಗಳಲ್ಲಿ ಹೊಲಿಸಿದ ಮೊದಲ ತಿದಿ ಅದೇ ಬಟ್ಟೆಯದು. ಬೇಸಿಗೆಯೆಲ್ಲ ಚೆನ್ನಾಗಿತ್ತು, ಹೆಪ್ಪುಗಟ್ಟುವ ಚಳಿಯ ಮೊದಲ ಬೆಳಗ್ಗೆ ಲಾರಿ ಹೊರಟಾಗ ನೆರಿಗೆಯ ಮಡಿಕೆಗುಂಟ ಹಪ್ಪಳದಂತೆ ಮುರಿಯಿತು.

ಬಾಗುವ ಕ್ಯಾಬಿನ ವಿಷಯದಲ್ಲಿ ಒಂದು ತಪ್ಪುಕಲ್ಪನೆ ಬಹಳ ಜನರಲ್ಲಿದೆ. ಕ್ಯಾಬು ಮುಂದಕ್ಕೆ ಬಾಗುವಾಗ ಅದರ ಹಿಂಗೋಡೆ ಪೆಟ್ಟಿಗೆಯಿಂದ ನೇರವಾಗಿ ದೂರ ಸರಿಯುತ್ತದೆ, ಆದ್ದರಿಂದ ಒತ್ತಿಕೊಂಡಿರುವ ರಬ್ಬರು ತಾನಾಗಿ ಬಿಟ್ಟುಕೊಳ್ಳುತ್ತದೆ ಎಂದು ಅವರು ತಿಳಿದಿರುತ್ತಾರೆ. ಬಾಗುವ ಕೀಲು ಇರುವುದು ಕ್ಯಾಬಿನ ಮುಂದೆ, ಕೆಳಗೆ. ಹಿಂಗೋಡೆ ಆ ಕೀಲಿನಿಂದ 1.6 ಮೀಟರ್ ಹಿಂದಿದ್ದು, ಕಿಂಡಿಯ ಕೆಳ ಅಂಚು ಕೀಲಿಗಿಂತ ಅರ್ಧ ಮೀಟರ್ ಮೇಲಿದ್ದರೆ, ಮೊದಲ 2 ಡಿಗ್ರಿ ಬಾಗುವಾಗ ಆ ಅಂಚು ಮುಂದಕ್ಕೆ ಹೋಗುವುದು 18 ಮಿ.ಮೀ., ಮೇಲಕ್ಕೆ ಹೋಗುವುದು 56 ಮಿ.ಮೀ.! ಅಂದರೆ ಕೆಳ ಅಂಚಿನ ರಬ್ಬರು ಬಿಡುವ ಮೊದಲು ಮೂರು ಪಟ್ಟು ಉಜ್ಜಿಸಿಕೊಳ್ಳುತ್ತದೆ. ಎರಡೂ ಕಡೆ ಬಿಗಿದ ತಿದಿಯಾದರಂತೂ ಹರಿದೇ ಹೋಗುತ್ತದೆ.

ಆದ್ದರಿಂದ ನಾನು ಸೂಚಿಸುವ ರಚನೆ ಹೀಗಿದೆ. ತಿದಿಯ ಹಿಂದಿನ ಬಾಯಿಯನ್ನು ಪೆಟ್ಟಿಗೆಯ ಮುಂಗೋಡೆಗೆ ಶಾಶ್ವತವಾಗಿ, ಪಟ್ಟಿ ಇಟ್ಟು ಸ್ಕ್ರೂ ಹಾಕಿ, ಪಾಲಿಯುರಿಥೇನ್ ಅಂಟಿನಿಂದ ಬಿಗಿಯಿರಿ. ಮುಂದಿನ ಬಾಯಿಗೆ ಹಗುರವಾದ ಅಲ್ಯೂಮಿನಿಯಂ ಮುಖಚೌಕಟ್ಟು ಕೂರಿಸಿ, ಅದರ ಸುತ್ತ ಇಪಿಡಿಎಂ ಸ್ಪಂಜಿನ ಟೊಳ್ಳು ಬೀಡಿಂಗ್ (ಸಂದು ಮುಚ್ಚುವ ರಬ್ಬರ್ ಪಟ್ಟಿ) ಕೊಡಿ. ಕ್ಯಾಬಿನ ಹಿಂಗೋಡೆಯಲ್ಲಿ ಈ ಬೀಡಿಂಗ್ ಒತ್ತಿಕೊಳ್ಳಲು ಸಪಾಟಾದ, ನಯವಾಗಿ ಬಣ್ಣ ಬಳಿದ ಅಂಚುಪಟ್ಟಿ ಇರಲಿ. ಕ್ಯಾಬಿನ ಒಳಗಿಂದ ಕೈಗೆ ಎಟುಕುವ ಆರು ಟಾಗಲ್ ಕ್ಲಾಂಪುಗಳು (ಸನ್ನೆ ಒತ್ತಿ ಬಿಗಿಯುವ ಹಿಡಿಗಳು) ಎರಡನ್ನೂ ಬಿಗಿಹಿಡಿಯಲಿ, ಬೀಡಿಂಗ್ ತನ್ನ ದಪ್ಪದ ಮೂರನೇ ಒಂದು ಪಾಲಿನಷ್ಟು ಅಮುಕಲಿ. ಅದಕ್ಕಿಂತ ಹೆಚ್ಚು ಅಮುಕಿದರೆ ಕೆಲವೇ ತಿಂಗಳಲ್ಲಿ ಅದು ಚಪ್ಪಟೆಯಾಗಿ ಮತ್ತೆ ಏಳುವುದಿಲ್ಲ. ಕ್ಯಾಬ್ ಬಾಗಿಸಬೇಕಾದಾಗ ಕ್ಲಾಂಪು ಬಿಚ್ಚಿ, ಮುಖಚೌಕಟ್ಟನ್ನು ಪೆಟ್ಟಿಗೆಯ ಕಡೆಗೆ ಹಿಂದೆ ತಳ್ಳಿ, ಅಲ್ಲಿ ಕೊಕ್ಕೆಗೆ ಸಿಕ್ಕಿಸಿದರೆ ಆಯಿತು. ಮರೆವು ಎಲ್ಲರಿಗೂ ಸಹಜ. ಕ್ಯಾಬ್ ಎತ್ತುವ ಹಿಡಿಕೆಗೆ ಒಂದು ಕೆಂಪು ಪಟ್ಟಿ ಕಟ್ಟಿ, ಅದರ ಮೇಲೆ ‘ಕ್ಲಾಂಪು’ ಎಂದು ಬರೆದಿಡಿ. ಜಿಪ್ಪಿನಿಂದ ಬಿಚ್ಚುವ ತಿದಿಗಳನ್ನೂ ಮಾಡುತ್ತಾರೆ, ಆದರೆ ಧೂಳಿನ ದಾರಿಯಲ್ಲಿ ತಿರುಗಿದ ಮೇಲೆ ಜಿಪ್ಪು ಕೈಕೊಡುವುದು ಹೆಚ್ಚು.

ಅಮೆರಿಕದ ಪಿಕಪ್‌ಗಳ ಮೇಲೆ ಕೂರಿಸುವ ಕ್ಯಾಂಪರುಗಳಲ್ಲಿ ಇದಕ್ಕಿಂತ ಸರಳವಾದ ಪದ್ಧತಿ ಇದೆ: ಕ್ಯಾಬಿನ ಹಿಂಗಿಟಕಿಗೂ ಕ್ಯಾಂಪರಿನ ಮುಂಗಿಟಕಿಗೂ ನಡುವೆ ಸ್ಪಂಜಿನ ಅಥವಾ ಗಾಳಿ ತುಂಬುವ ಉಂಗುರವೊಂದನ್ನು ಅಮುಕಿ ಕೂರಿಸುತ್ತಾರೆ. ಅಲ್ಲಿ ಸಂದು ಕಿರಿದು, ಕ್ಯಾಬು ಬಾಗುವುದಿಲ್ಲ. ಚಿತ್ರ ನೋಡಿ ಅದನ್ನು ನಿಮ್ಮ ಲಾರಿಗೆ ಅಳವಡಿಸಲು ಹೋಗಬೇಡಿ.

ನೀರನ್ನು ತಡೆಯುವುದಕ್ಕಿಂತ ಅದಕ್ಕೆ ದಾರಿ ತೋರಿಸುವುದು ಸುಲಭ ಎಂಬುದು ಮಲೆನಾಡಿನ ಹಂಚಿನ ಮನೆಯಲ್ಲಿ ಬೆಳೆದವರಿಗೆ ಹೇಳಿಕೊಡಬೇಕಾದದ್ದಲ್ಲ. ಕ್ಯಾಬಿನ ಚಾವಣಿಯ ನೀರೂ ಪೆಟ್ಟಿಗೆಯ ಮುಂಗೋಡೆಯ ನೀರೂ ಇಳಿದುಬರುವುದು ಇದೇ ಸಂದಿಗೆ. ಕಿಂಡಿಯ ಮೇಲ್ಗಡೆ ಪೆಟ್ಟಿಗೆಗೆ ಒಂದು ಸಣ್ಣ ಸೂರುಪಟ್ಟಿಯನ್ನು ಎರಡೂ ಬದಿಗೆ ಇಳಿಜಾರಾಗಿ ಕೂರಿಸಿ, ತಿದಿಯ ಮೇಲ್ಭಾಗ ಸಪಾಟಾಗಿರದೆ ನಡುವೆ ತುಸು ಉಬ್ಬಿರಲಿ. ಇಲ್ಲದಿದ್ದರೆ ನೆರಿಗೆಯ ತಗ್ಗಿನಲ್ಲಿ ನೀರು ನಿಂತು, ಚಳಿಗಾಲದಲ್ಲಿ ಮಂಜುಗಡ್ಡೆಯಾಗಿ, ಲಾರಿ ಹೊರಟೊಡನೆ ಬಟ್ಟೆಯನ್ನು ಕೊಯ್ಯುತ್ತದೆ. ಕೆಳಗಿನ ನೆರಿಗೆಯ ತಳದಲ್ಲಿ ಒಂದೆರಡು ಸಣ್ಣ ರಂಧ್ರ ಇರಲಿ. ಹೊರಗಿನ ತಿದಿ ನೀರನ್ನು ಇಳಿಸಲಿ. ಗಾಳಿಯನ್ನು ತಡೆಯುವ ಕೆಲಸವನ್ನು ಒಳಗಿನ ಬಾಗಿಲಿನ ಬೀಡಿಂಗ್ ಮಾಡಲಿ.

ಆ ಒಳಬಾಗಿಲು ಏಕೆ ಬೇಕು ಎಂದರೆ, ಚಳಿಗೆ. 60 ಮಿ.ಮೀ. ಪಾಲಿಯುರಿಥೇನ್ ತುಂಬಿದ ನಿಮ್ಮ ಗೋಡೆಯಲ್ಲಿ ಒಂದು ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ, ಸುಮಾರು 0.4 ವ್ಯಾಟ್ ಶಾಖ ಸೋರುತ್ತದೆ. ಒಂಟಿ ಬಟ್ಟೆಯಲ್ಲಿ ಅದು 6 ವ್ಯಾಟ್‌ನಷ್ಟು. ಕಿಂಡಿಯ ಸುತ್ತಳತೆ 2.6 ಮೀಟರ್, ಬಟ್ಟೆಯ ಉದ್ದ 250 ಮಿ.ಮೀ. ಎಂದರೆ ತಿದಿಯ ಹರವು 0.65 ಚದರ ಮೀಟರ್. ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗೆ, ಒಳಗೆ 20 ಡಿಗ್ರಿ ಇರುವ ರಾತ್ರಿಯಲ್ಲಿ ಅದೊಂದೇ ಸುಮಾರು 117 ವ್ಯಾಟ್ ಶಾಖವನ್ನು ಹೊರಹಾಕುತ್ತದೆ, ಅಂದರೆ ನಿಮ್ಮ ಒಳ್ಳೆಯ ಗೋಡೆಯ ಹತ್ತು ಚದರ ಮೀಟರ್ ಸೋರಿಸುವಷ್ಟು. ಅದರಾಚೆಗಿನ ಕ್ಯಾಬು ಬರಿಯ ತಗಡು, ಗಾಜು. ಒಳಗಿನ ಗಾಳಿ 20 ಡಿಗ್ರಿಯಲ್ಲಿದ್ದು ಅದರ ತೇವ 60 ಶೇಕಡಾ ಇದ್ದರೆ 12 ಡಿಗ್ರಿಗಿಂತ ತಣ್ಣಗಿರುವ ಯಾವುದೇ ಮೈಮೇಲೆ ಅದು ಇಬ್ಬನಿಯಾಗಿ ಇಳಿಯುತ್ತದೆ. ನಿಮ್ಮ ಅಡುಗೆಯ ಹಬೆ, ನಾಲ್ವರ ಉಸಿರು ಎಲ್ಲ ಕ್ಯಾಬಿನ ಗಾಜಿನ ಮೇಲೆ, ತಗಡಿನ ಮರೆಯ ಮೂಲೆಗಳಲ್ಲಿ ಹನಿಗೂಡಿ ತುಕ್ಕು ಹಿಡಿಸುತ್ತದೆ. ಆದ್ದರಿಂದ ಪೆಟ್ಟಿಗೆಯ ಬದಿಯಲ್ಲಿ ಗೋಡೆಯಷ್ಟೇ ದಪ್ಪದ ಸ್ಯಾಂಡ್‌ವಿಚ್ ಹಲಗೆಯ ಬಾಗಿಲು ಇರಲಿ, ರಾತ್ರಿ ಅದು ಮುಚ್ಚಿರಲಿ. ಅದರ ಚೌಕಟ್ಟಿಗೆ ಅಲ್ಯೂಮಿನಿಯಂ ಬಳಸಿದರೆ ಶಾಖ ಅದರ ಮೂಲಕವೇ ಹರಿದುಹೋಗುವುದರಿಂದ ಫೈಬರ್ ಪಟ್ಟಿಯೇ ಮೇಲು. ಬಾಗಿಲು ಎರಡೂ ಕಡೆಯಿಂದ ಕೀಲಿಯಿಲ್ಲದೆ ತೆರೆಯಬೇಕು. ಬೆಂಕಿಯ ಹೊತ್ತಿನಲ್ಲಿ ಅದು ಇನ್ನೊಂದು ದಾರಿ.

ಕ್ಯಾಬಿನ ಹಿಂಗೋಡೆಯನ್ನು ಕತ್ತರಿಸಬೇಡಿ ಎಂದವರ ಅಂಜಿಕೆಗೆ ಕಾರಣವಿದೆ. ಕ್ಯಾಬಿನ ಗಟ್ಟಿತನವನ್ನು ಯುರೋಪಿನಲ್ಲಿ ಇಸಿಇ ಆರ್29 ನಿಯಮದಂತೆ ಮುಂಭಾಗಕ್ಕೆ ಗುದ್ದಿ, ಚಾವಣಿಯನ್ನು ಅಮುಕಿ ಪರೀಕ್ಷಿಸುತ್ತಾರೆ. ಹಿಂಗೋಡೆ ಆ ಗಟ್ಟಿತನದ ಪಾಲುದಾರ. ಹಿಂಗಿಟಕಿ ಇದ್ದ ಜಾಗವನ್ನೇ ಬಳಸಿ, ಬೇಕಾದರೆ ಕೆಳಕ್ಕೆ ಮಾತ್ರ ಬೆಳೆಸಿ. ಮೂಲೆಯ ಕಂಬಗಳನ್ನೂ, ಸೀಟ್ ಬೆಲ್ಟ್ ಹಿಡಿದಿರುವ ಜಾಗವನ್ನೂ, ಕ್ಯಾಬಿನ ಬೀಗವನ್ನೂ ಮುಟ್ಟಬೇಡಿ. ತೆಗೆದ ತಗಡಿನ ಬಲವನ್ನು ಹಿಂದಿರುಗಿಸಲು ಕಿಂಡಿಯ ಸುತ್ತ ಉಕ್ಕಿನ ಚೌಕಕೊಳವೆಯ ಉಂಗುರ ಬೆಸೆಯಬೇಕು. ಬೆಸೆಯುವ ಮೊದಲು ಬ್ಯಾಟರಿಯನ್ನೂ ಆಲ್ಟರ್ನೇಟರನ್ನೂ ಬೇರ್ಪಡಿಸಬೇಕು. ಇದಕ್ಕಿಂತ ಮುಖ್ಯವಾದ ಮಾತು: ಗರಗಸ ಹಿಡಿಯುವ ಮೊದಲೇ ನಿಮ್ಮ ನಕ್ಷೆಗಳನ್ನು ವಾಹನ ತಪಾಸಣೆಯ ಸಂಸ್ಥೆಗಳಾದ ಟ್ಯೂಫ್ ಅಥವಾ ಡೆಕ್ರಾದ ಪರೀಕ್ಷಕರಿಗೆ ತೋರಿಸಿ. ಜರ್ಮನಿಯ ವಾಹನ ಪರವಾನಗಿಗೆ ಸಂಬಂಧಿಸಿದ ಸ್ಟಿವಿಝಡ್‌ಒ ನಿಯಮಾವಳಿಯ 19ನೇ ಕಲಮಿನ 2ನೇ ಉಪಕಲಮಿನಂತೆ ಅಪಾಯ ತರಬಹುದಾದ ಮಾರ್ಪಾಡು ಮಾಡಿದ ವಾಹನದ ಪರವಾನಗಿ ತಾನಾಗಿ ರದ್ದಾಗುತ್ತದೆ. ಕೆಲಸ ಮುಗಿದ ಮೇಲೆ ಅವರು ಬೇಡವೆಂದರೆ ಕತ್ತರಿಸಿದ್ದನ್ನು ಮರಳಿ ಅಂಟಿಸಲಾಗದು.

ಎರಡು ಕೋಣೆ ಒಂದಾದೊಡನೆ ಗಾಳಿಯೂ ಒಂದಾಗುತ್ತದೆ ಎಂಬುದನ್ನು ಮರೆಯಬಾರದು. ಎಂಜಿನ್ನಿನ ಹೊಗೆ ಎಲ್ಲಾದರೂ ಕ್ಯಾಬಿಗೆ ಸೋರುತ್ತಿದ್ದರೆ ಇನ್ನು ಅದು ಮಕ್ಕಳ ಹಾಸಿಗೆಗೂ ಹೋಗುತ್ತದೆ. ಯುರೋಪಿನ ಇಎನ್ 50291-2 ಮಾನದಂಡದ ಗುರುತಿರುವ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆಯೊಂದನ್ನು ಹಾಸಿಗೆಯ ಬಳಿ ಇಡಿ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದಗುಂಟ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಸಿಲಿಂಡರಿನ ಗೂಡು ಒಳಗಿನಿಂದ ಪೂರ್ತಿ ಮುಚ್ಚಿ, ಅದರ ತಳ ಹೊರಕ್ಕೆ ತೆರೆದಿರಬೇಕು. ಇದಕ್ಕೆ ಪ್ರತಿಯಾಗಿ ಒಂದು ಲಾಭವೂ ಉಂಟು. ಓಡುವ ಲಾರಿಯ ಪೆಟ್ಟಿಗೆ ಹಿಂದುಗಡೆಯ ಸಂದುಗಳಿಂದ ಧೂಳನ್ನು ಒಳಗೆ ಎಳೆದುಕೊಳ್ಳುತ್ತದೆ. ಚಾವಣಿಯ ಕಿಟಕಿಗಳನ್ನು ಮುಚ್ಚಿ, ಒಳಬಾಗಿಲನ್ನು ತೆರೆದಿಟ್ಟು, ಕ್ಯಾಬಿನ ಫ್ಯಾನನ್ನು ಹೊರಗಾಳಿಗೆ ತಿರುಗಿಸಿ ಜೋರಾಗಿ ಓಡಿಸಿದರೆ, ಫಿಲ್ಟರ್ ದಾಟಿ ಬಂದ ಗಾಳಿ ಪೆಟ್ಟಿಗೆಯನ್ನೂ ತುಂಬಿ ಧೂಳನ್ನು ಹೊರಗೇ ನಿಲ್ಲಿಸುತ್ತದೆ. ಫಿಲ್ಟರ್ ಇಲ್ಲದ ಹಳೆಯ ಕ್ಯಾಬಾದರೆ ಮೊದಲು ಅದನ್ನು ಹಾಕಿಸಿ.

ಮಕ್ಕಳ ವಿಷಯದಲ್ಲಿ ಉತ್ತರ ಒಂದೇ ಮಾತಿನದು: ಬೇಡ. ಲಾರಿ ಓಡುತ್ತಿರುವಾಗ ಅವರು ಬೆಲ್ಟ್ ಕಟ್ಟಿದ, ಅಂಗೀಕೃತ ಸೀಟಿನಲ್ಲೇ ಇರಬೇಕು. ಕಿಂಡಿ ಇರುವುದು ನಿಂತ ಲಾರಿಯಲ್ಲಿ ಬಳಸಲು. ಚಲನೆಯಲ್ಲಿರುವ ತಿದಿಯ ನೆರಿಗೆಗೆ ಪುಟ್ಟ ಬೆರಳು ಸಿಕ್ಕುವ ಅಪಾಯವೂ ಇರುವುದರಿಂದ, ಒಳಗಡೆ ಸಡಿಲವಾದ ಬಟ್ಟೆಯ ತೋಳೊಂದನ್ನು ಹೊದಿಸುವುದು ಒಳ್ಳೆಯದು. ಎರಡು ಪದರದ ನಡುವಿನ ಗಾಳಿ ಚಳಿಗೂ ತಡೆಯಾಗುತ್ತದೆ.

ನಿಮ್ಮ ತಮ್ಮನ ಮಟ್ಟಿಗೆ ಹೇಳುವುದಾದರೆ, ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ, ವಾಸದ ವಾಹನಗಳಿಗೆಂದೇ ಎಐಎಸ್-124 ಎಂಬ ಮಾನದಂಡ ಇದೆ. ನೋಂದಣಿಯಾದ ಲಾರಿಯ ಕ್ಯಾಬನ್ನು ಗ್ಯಾರೇಜಿನಲ್ಲಿ ಕತ್ತರಿಸುವ ಬದಲು, ಆ ಮಾನದಂಡದಂತೆ ಅನುಮೋದನೆ ಪಡೆದು ಬಾಡಿ ಕಟ್ಟುವವರ ಬಳಿ ಹೋಗುವುದೇ ಅವರಿಗೆ ಇರುವ ನೇರ ದಾರಿ.

ಕೆಲಸ ಮುಗಿದ ಮೇಲೆ ಪರೀಕ್ಷೆಗೆ ದುಬಾರಿ ಉಪಕರಣ ಬೇಡ. ಬೀಡಿಂಗಿನ ಮೇಲೆ ರಂಗೋಲಿ ಪುಡಿ ಸವರಿ ಕ್ಲಾಂಪು ಬಿಗಿದು ಬಿಚ್ಚಿ ನೋಡಿದರೆ, ಕ್ಯಾಬಿನ ಅಂಚುಪಟ್ಟಿಯ ಮೇಲೆ ಬಿಳಿ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಒತ್ತು ಸಾಲದು. ರಾತ್ರಿ ಕಿಂಡಿಯೊಳಗೆ ಪ್ರಖರ ದೀಪ ಇಟ್ಟು ಹೊರಗಿನಿಂದ ಬೆಳಕಿನ ಎಳೆ ಹುಡುಕಿ. ಹಗಲಿನಲ್ಲಿ ಮೇಲಿನಿಂದ ಹತ್ತು ನಿಮಿಷ ಕೊಳಾಯಿ ನೀರು ಬಿಡಿ. ಆಮೇಲೆ ಎಲ್ಲ ಬಾಗಿಲು ಕಿಟಕಿ ಮುಚ್ಚಿ, ಕ್ಯಾಬಿನ ಫ್ಯಾನನ್ನು ಪೂರ್ತಿ ಓಡಿಸಿ, ತಿದಿಯ ಹೊರಬದಿಯಲ್ಲಿ ಸುತ್ತಲೂ ಹಚ್ಚಿದ ಊದುಬತ್ತಿಯೊಂದನ್ನು ನಿಧಾನವಾಗಿ ಸಾಗಿಸಿ. ಹೊಗೆ ನೆಟ್ಟಗೆ ಏರದೆ ಎಲ್ಲಿ ಪಕ್ಕಕ್ಕೆ ಬಾಗುತ್ತದೋ ಅಲ್ಲಿ ಗುರುತು ಮಾಡಿ. ಇದನ್ನೆಲ್ಲ ಲಾರಿ ಸಮತಟ್ಟಾಗಿ ನಿಂತಾಗ ಒಮ್ಮೆ, ಓರೆಯ ಎರಡು ಚಕ್ರಗಳನ್ನು ದಿಮ್ಮಿಗಳ ಮೇಲೆ ಏರಿಸಿ ಇನ್ನೊಮ್ಮೆ ಮಾಡಬೇಕು. ಮೊದಲ ಸಾವಿರ ಕಿ.ಮೀ. ಓಡಿದ ಬಳಿಕ ಕ್ಲಾಂಪುಗಳನ್ನು ಮತ್ತೆ ಹದಗೊಳಿಸಿ, ಊದುಬತ್ತಿಯ ಪರೀಕ್ಷೆಯನ್ನು ಅದೇ ದಿಮ್ಮಿಗಳ ಮೇಲೆ ಮತ್ತೊಮ್ಮೆ ಮಾಡಿ.